ದೂರು ಹೇಳಿದ ಹುಡುಗ ಹೊಣೆ ಹೊತ್ತಾಗ

‘ಡಾಕ್ಟರ್ ಹೂ’ ಧಾರಾವಾಹಿಯ ಆರು ದಶಕಗಳ ಅಭಿಮಾನ ಮತ್ತು ಅಸಮಾಧಾನ

1986ರ ಡಿಸೆಂಬರ್ ತಿಂಗಳು. ಬ್ರಿಟನ್ನಿನ ಬಿ.ಬಿ.ಸಿ. ದೂರದರ್ಶನದಲ್ಲಿ ಆಗ ‘ಓಪನ್ ಏರ್’ ಎಂಬ ಕಾರ್ಯಕ್ರಮವೊಂದು ಪ್ರಸಾರವಾಗುತ್ತಿತ್ತು. ತಾವು ನೋಡಿದ ಕಾರ್ಯಕ್ರಮಗಳ ಬಗ್ಗೆ ವೀಕ್ಷಕರು ಮುಚ್ಚುಮರೆಯಿಲ್ಲದೆ ಮಾತನಾಡಲು ಅಲ್ಲಿ ಅವಕಾಶವಿತ್ತು. ಅಂದಿನ ಚರ್ಚೆಯ ವಿಷಯ ‘ಡಾಕ್ಟರ್ ಹೂ’ ಎಂಬ ವಿಜ್ಞಾನ ಕಥಾ ಧಾರಾವಾಹಿ. ಹದಿನಾಲ್ಕು ಕಂತುಗಳ ಅದರ ದೀರ್ಘ ಕಥೆಯೊಂದು ಆಗಷ್ಟೇ ಮುಗಿದಿತ್ತು. ಅಭಿಮಾನಿ ಸಂಘದ ಪರವಾಗಿ ಬಂದವರಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿದ್ದ. ಕಥೆಯಲ್ಲಿ ಹೊಸತನವಿಲ್ಲ, ಅದು ಸವೆದ ಜಾಡಿನಲ್ಲೇ ಸಾಗಿದೆ, ಇದನ್ನು ಇನ್ನೂ ಚೆನ್ನಾಗಿ ಬರೆಯಬಹುದಿತ್ತು ಎಂದು ಅವನು ಅಳುಕಿಲ್ಲದೆ ಹೇಳಿದ. ಆ ಕಥೆಯ ಹಲವು ಕಂತುಗಳನ್ನು ಬರೆದಿದ್ದ ಪಿಪ್ ಮತ್ತು ಜೇನ್ ಬೇಕರ್ ದಂಪತಿ ಅದೇ ಕಾರ್ಯಕ್ರಮದಲ್ಲಿ ಕುಳಿತು ಈ ಮಾತನ್ನು ಕೇಳಬೇಕಾಯಿತು.

ಆ ಹುಡುಗನ ಹೆಸರು ಕ್ರಿಸ್ ಚಿಬ್ನಾಲ್. ಮೂವತ್ತೆರಡು ವರ್ಷಗಳು ಸರಿದ ಬಳಿಕ, 2018ರಲ್ಲಿ, ಅದೇ ಧಾರಾವಾಹಿಯ ಹೊಸ ಸರಣಿಯೊಂದು ಅವರ ಮುಂದಾಳುತನದಲ್ಲಿ ತೆರೆಗೆ ಬಂದಿತು. ಕಥೆ ಹೇಗೆ ಸಾಗಬೇಕು, ಯಾರು ನಟಿಸಬೇಕು, ಯಾರು ಬರೆಯಬೇಕು ಎಂಬ ನಿರ್ಧಾರವೆಲ್ಲ ಈಗ ಅವರದು. ಎರಡು ವರ್ಷ ಕಳೆಯುವುದರೊಳಗೆ, ಹಿಂದೆ ಅವರು ಆಡಿದ್ದಕ್ಕಿಂತಲೂ ಕಟುವಾದ ಮಾತುಗಳು ಅವರತ್ತಲೇ ಬರತೊಡಗಿದವು. ಧಾರಾವಾಹಿ ದಾರಿ ತಪ್ಪಿದೆ, ನಡೆಸುವವರಿಗೆ ಅದರ ಮರ್ಮ ತಿಳಿದಿಲ್ಲ, ಇದು ನಾವು ಪ್ರೀತಿಸಿದ ಕಥೆಯೇ ಅಲ್ಲ ಎಂಬ ಮಾತುಗಳವು.

ಒಂದು ಕಥೆಯನ್ನು ಪ್ರೀತಿಸುವವರಿಗೂ ಅದನ್ನು ನಡೆಸುವವರಿಗೂ ನಡುವಿನ ಈ ಜಗಳ ಹಳೆಯದು. ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ ಅದರ ಎರಡೂ ಮುಖಗಳು ಸ್ಪಷ್ಟವಾಗಿ ಕಾಣಸಿಗುತ್ತವೆ. ಏಕೆಂದರೆ ಇಲ್ಲಿ ದೂರು ಹೇಳಿದವರೇ ಕಾಲಾಂತರದಲ್ಲಿ ಹೊಣೆ ಹೊತ್ತಿದ್ದಾರೆ. ಅದೂ ಒಮ್ಮೆಯಲ್ಲ, ಮತ್ತೆ ಮತ್ತೆ.

ನೀಲಿ ಪೆಟ್ಟಿಗೆಯ ಒಳಗೊಂದು ಲೋಕ

ಧಾರಾವಾಹಿಯ ಹೆಸರಿನಲ್ಲಿರುವ ‘ಹೂ’ ನಮ್ಮ ಹೂವಲ್ಲ; ಇಂಗ್ಲಿಷಿನಲ್ಲಿ ಅದು ‘ಯಾರು’ ಎಂಬ ಪ್ರಶ್ನೆ. ಕಥಾನಾಯಕನಿಗೆ ‘ಡಾಕ್ಟರ್’ ಎಂಬುದರ ಹೊರತು ಬೇರೆ ಹೆಸರು ನಮಗೆ ತಿಳಿಯುವುದಿಲ್ಲ. ಆತ ಬೇರೊಂದು ಗ್ರಹದವನು. ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಹೋಗಿ ಬರಬಲ್ಲ ‘ಟಾರ್ಡಿಸ್’ ಎಂಬ ಯಂತ್ರ ಅವನಲ್ಲಿದೆ. ಹೊರಗಿನಿಂದ ಅದು ಲಂಡನ್ ಬೀದಿಯ ನೀಲಿ ಬಣ್ಣದ ಪೊಲೀಸ್ ದೂರವಾಣಿ ಪೆಟ್ಟಿಗೆಯಂತೆ ಕಾಣುತ್ತದೆ. ಒಳಹೊಕ್ಕರೆ ಹೊರಗಿಗಿಂತ ವಿಶಾಲ. ಡಾಕ್ಟರ್ ಕೋವಿ ಹಿಡಿದು ಹೋರಾಡುವ ವೀರನಲ್ಲ. ಬುದ್ಧಿ, ಕುತೂಹಲ ಮತ್ತು ಕರುಣೆಯೇ ಅವನ ಆಯುಧಗಳು.

ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರ ಶನಿವಾರ ಸಂಜೆ. ಅದರ ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿತ್ತು. ಆ ಸುದ್ದಿಯ ಆಘಾತದ ನಡುವೆ ಬಂದ ಮೊದಲ ಕಂತನ್ನು ಮುಂದಿನ ವಾರ ಮತ್ತೊಮ್ಮೆ ಪ್ರಸಾರ ಮಾಡಿ, ಅದರ ಬೆನ್ನಿಗೇ ಎರಡನೆಯದನ್ನು ತೋರಿಸಲಾಯಿತು. ಆ ಮೊದಲ ಕಂತಿನ ನಿರ್ದೇಶಕ ಭಾರತದವರು. ಲಖನೌದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬೆಳೆದ ವಾರಿಸ್ ಹುಸೇನ್. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ಆಗ ಬಿ.ಬಿ.ಸಿ.ಯ ನಾಟಕ ವಿಭಾಗದಲ್ಲಿದ್ದ ಏಕೈಕ ಮಹಿಳಾ ನಿರ್ಮಾಪಕಿ.

ಮೇಲಿನವರ ಇಚ್ಛೆಗೂ ಕಥೆಯ ದಿಕ್ಕಿಗೂ ತಿಕ್ಕಾಟ ಶುರುವಾದದ್ದು ಮೊದಲ ತಿಂಗಳಿನಲ್ಲೇ. ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಅವರು ಮಕ್ಕಳಿಗೆ ವಿಜ್ಞಾನವನ್ನೂ ಇತಿಹಾಸವನ್ನೂ ತಿಳಿಸುವ ಉದ್ದೇಶ ಇಟ್ಟುಕೊಂಡಿದ್ದರು. ಉಬ್ಬುಗಣ್ಣಿನ ರಾಕ್ಷಸರು ಬೇಡವೆಂದು ತಾಕೀತು ಮಾಡಿದ್ದರು. ಆದರೂ 1963ರ ಡಿಸೆಂಬರಿನಲ್ಲಿ ಟೆರಿ ನೇಷನ್ ಎಂಬ ಲೇಖಕರ ಕಥೆಯಲ್ಲಿ, ಲೋಹದ ಕವಚದೊಳಗೆ ಅವಿತ ‘ಡಾಲೆಕ್’ ಎಂಬ ದುಷ್ಟಜೀವಿಗಳು ಬಂದವು. ನ್ಯೂಮನ್ ಸಿಟ್ಟಾದರು. ಆದರೆ ಬ್ರಿಟನ್ನಿನ ಮಕ್ಕಳು ಆ ಡಾಲೆಕ್‌ಗಳಿಗೆ ಹೆದರಿ ಸೋಫಾದ ಹಿಂದೆ ಅಡಗಿಕೊಂಡೇ ಇಣುಕಿ ನೋಡಿದರು. ಧಾರಾವಾಹಿಯನ್ನು ಮನೆಮನೆಗೆ ಮುಟ್ಟಿಸಿದ್ದು, ಯಾವುದು ಬೇಡವೆಂದು ಮುಖ್ಯಸ್ಥರು ಹೇಳಿದ್ದರೋ ಅದೇ. ನಡೆಸುವವರ ಲೆಕ್ಕಾಚಾರ ತಪ್ಪಬಹುದು ಎಂಬುದು ಹೀಗೆ ಮೊದಲ ಬಾರಿಗೆ ಸಿದ್ಧವಾಯಿತು.

1966ರಲ್ಲಿ ಮೊದಲ ನಟ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೆಟ್ಟಿತು. ನಾಯಕನೇ ಇಲ್ಲದೆ ಕಥೆ ನಡೆಯುವುದೆಂತು? ಡಾಕ್ಟರ್ ಸಾಯುವ ಬದಲು ಹೊಸ ದೇಹ, ಹೊಸ ಮುಖ, ಹೊಸ ಸ್ವಭಾವ ಪಡೆಯುತ್ತಾನೆ ಎಂಬ ಉಪಾಯವನ್ನು ಲೇಖಕರು ಹೂಡಿದರು. ಹಾರ್ಟ್ನೆಲ್ ಅವರ ಜಾಗಕ್ಕೆ ಪ್ಯಾಟ್ರಿಕ್ ಟ್ರೌಟನ್ ಬಂದರು. ಧಾರಾವಾಹಿ ಆರು ದಶಕ ಬಾಳಿದ್ದು ಈ ಉಪಾಯದಿಂದ. ಅಭಿಮಾನಿಗಳ ಜಗಳಕ್ಕೆ ಬೀಜ ಬಿದ್ದದ್ದೂ ಇಲ್ಲೇ. ಬಾಲ್ಯದಲ್ಲಿ ಯಾವ ಮುಖವನ್ನು ಕಂಡರೋ ಅದೇ ನಿಜವಾದ ಡಾಕ್ಟರ್ ಎಂದು ಪ್ರತಿ ತಲೆಮಾರಿನವರಿಗೂ ಅನ್ನಿಸುತ್ತದೆ. ‘ನನ್ನ ಡಾಕ್ಟರ್’ ಎಂಬ ಮಾತು ಬ್ರಿಟನ್ನಿನಲ್ಲಿ ಈಗಲೂ ಬಳಕೆಯಲ್ಲಿದೆ.

ಅಳಿಸಿದವರು ಯಾರು, ಉಳಿಸಿದವರು ಯಾರು?

ಅಭಿಮಾನಿಗಳ ಅಸಮಾಧಾನ ಬರೀ ಹಟವಲ್ಲ; ಅದಕ್ಕೊಂದು ಗಟ್ಟಿಯಾದ ಕಾರಣವಿದೆ. ಅದನ್ನು ಅರಿಯಬೇಕಾದರೆ ಬಿ.ಬಿ.ಸಿ.ಯ ಉಗ್ರಾಣದ ಕಥೆಯನ್ನು ತಿಳಿಯಬೇಕು.

1960ರ ದಶಕದಲ್ಲಿ ವಿಡಿಯೋ ಟೇಪು ದುಬಾರಿ ವಸ್ತು. ಒಮ್ಮೆ ಪ್ರಸಾರವಾದ ಕಾರ್ಯಕ್ರಮ ಮತ್ತೆ ಬೇಕಾದೀತೆಂದು ಯಾರೂ ಎಣಿಸಿರಲಿಲ್ಲ. ಹಳೆಯ ಟೇಪುಗಳನ್ನು ಅಳಿಸಿ ಹೊಸ ಕಾರ್ಯಕ್ರಮಗಳಿಗೆ ಬಳಸಿದರು. ವಿದೇಶಗಳಿಗೆ ಮಾರಲೆಂದು ಮಾಡಿಸಿದ್ದ ಫಿಲಂ ಪ್ರತಿಗಳನ್ನೂ ನಾಶಗೊಳಿಸಿದರು. ಈ ಕೆಲಸ ನಿಂತದ್ದು 1978ರ ವೇಳೆಗೆ. ಅಷ್ಟರಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ಮೊದಲ ಆರು ವರ್ಷಗಳ 253 ಕಂತುಗಳಲ್ಲಿ ಎಷ್ಟೋ ಕಂತುಗಳು ಕಾಣೆಯಾಗಿದ್ದವು. ಮುಂದೆ ಬೇರೆ ದೇಶಗಳ ದೂರದರ್ಶನ ಕೇಂದ್ರಗಳಿಂದ, ಖಾಸಗಿ ಸಂಗ್ರಹಕಾರರಿಂದ ಒಂದೊಂದಾಗಿ ಪ್ರತಿಗಳು ದೊರೆತವು. 2013ರಲ್ಲಿ ನೈಜೀರಿಯಾದ ಜೋಸ್ ನಗರದಿಂದ 9 ಕಂತುಗಳು ಮರಳಿ ಸಿಕ್ಕಿದ ಸುದ್ದಿ ಪ್ರಕಟವಾಯಿತು. ಅದಾದ ಮೇಲೂ 97 ಕಂತುಗಳು ಸಿಗದೆ ಉಳಿದಿದ್ದವು.

ಚಿತ್ರ ಅಳಿದರೂ ಧ್ವನಿ ಅಳಿಯಲಿಲ್ಲ. ಅದಕ್ಕೆ ಸಂಸ್ಥೆ ಕಾರಣವಲ್ಲ, ಮನೆಯ ಮಕ್ಕಳು ಕಾರಣ. ಮನೆಯಲ್ಲಿ ವಿಡಿಯೋ ಯಂತ್ರಗಳಿಲ್ಲದ ಆ ಕಾಲದಲ್ಲಿ ಕೆಲವು ಹುಡುಗರು ಶನಿವಾರ ಸಂಜೆ ಟಿ.ವಿ.ಯ ಎದುರು ಧ್ವನಿಮುದ್ರಣ ಯಂತ್ರವಿಟ್ಟು, ಮನೆಯವರಿಗೆ ಸದ್ದು ಮಾಡಬೇಡಿರೆಂದು ಹೇಳಿ, ಕಂತುಗಳ ಧ್ವನಿಯನ್ನು ಹಿಡಿದಿಟ್ಟುಕೊಂಡಿದ್ದರು. ಕಾಣೆಯಾದ ಎಲ್ಲ ಕಂತುಗಳ ಧ್ವನಿಯೂ ಇಂದು ಲಭ್ಯವಿರುವುದು ಇಂಥ ಮುದ್ರಣಗಳ ದೆಸೆಯಿಂದ. ಮುಂದೆ ಬಿ.ಬಿ.ಸಿ.ಯೇ ಅವನ್ನು ಪಡೆದು ಪ್ರಕಟಿಸಿತು. 1966ರ ‘ದಿ ಪವರ್ ಆಫ್ ದಿ ಡಾಲೆಕ್ಸ್’ ಕಥೆಗೆ 2016ರಲ್ಲಿ ಆ ಧ್ವನಿಯನ್ನೇ ಆಧರಿಸಿ ಆನಿಮೇಷನ್ ರೂಪ ಕೊಟ್ಟಿತು.

ಕಾಗದಪತ್ರದ ಪ್ರಕಾರ ಸೊತ್ತು ಸಂಸ್ಥೆಯದು. ಕಾಪಾಡಿದವರು ಮಾತ್ರ ನೋಡುಗರು. ಬ್ರಿಟನ್ನಿನಲ್ಲಿ ನೇರ ಪ್ರಸಾರ ನೋಡುವ ಪ್ರತಿ ಮನೆಯೂ ವರ್ಷಕ್ಕೊಮ್ಮೆ ಪರವಾನಗಿ ಶುಲ್ಕ ಕಟ್ಟಬೇಕು, ಬಿ.ಬಿ.ಸಿ. ನಡೆಯುವುದು ಮುಖ್ಯವಾಗಿ ಆ ಹಣದಿಂದ. ಹಾಗಾಗಿ ‘ನಮ್ಮದನ್ನು ನೀವು ಹೀಗೇಕೆ ನಡೆಸುತ್ತೀರಿ’ ಎಂದು ಅಲ್ಲಿನ ಅಭಿಮಾನಿ ಕೇಳಿದಾಗ ಅದನ್ನು ಅಧಿಕಪ್ರಸಂಗವೆನ್ನಲು ಬರುವುದಿಲ್ಲ.

ಹದಿನೆಂಟು ತಿಂಗಳ ವಿರಾಮ

ಆ ಪ್ರಶ್ನೆ ಅತ್ಯಂತ ಗಟ್ಟಿಯಾಗಿ ಕೇಳಿಬಂದದ್ದು 1985ರಲ್ಲಿ. ಆಗ ಬಿ.ಬಿ.ಸಿ.ಯ ಮೊದಲನೆಯ ವಾಹಿನಿಯ ನಿಯಂತ್ರಕರಾಗಿದ್ದವರು ಮೈಕೆಲ್ ಗ್ರೇಡ್. ಧಾರಾವಾಹಿ ಅವರಿಗೆ ಇಷ್ಟವಿರಲಿಲ್ಲ. ಆ ಮಾತನ್ನು ಅವರು ಮುಂದೆಯೂ ಬಹಿರಂಗವಾಗಿ ಹೇಳಿದ್ದಾರೆ. ಆ ವರ್ಷದ ಕಥೆಗಳಲ್ಲಿ ಹಿಂಸೆ ಮಿತಿಮೀರಿದೆ ಎಂಬ ಆಕ್ಷೇಪವೂ ಇತ್ತು. ಫೆಬ್ರವರಿಯಲ್ಲಿ, ಮುಂದಿನ ಸರಣಿಯನ್ನು ಮುಂದೂಡಲಾಗಿದೆ ಎಂಬ ಪ್ರಕಟಣೆ ಹೊರಬಿತ್ತು. ಪತ್ರಿಕೆಗಳಲ್ಲಿ ಕೂಗೆದ್ದಿತು. ಅಭಿಮಾನಿಗಳು ಪತ್ರ ಬರೆದರು. ಕ್ಯಾನ್ಸರ್ ಪರಿಹಾರ ನಿಧಿಯ ಸಹಾಯಾರ್ಥವಾಗಿ ‘ಡಾಕ್ಟರ್ ಇನ್ ಡಿಸ್ಟ್ರೆಸ್’ ಎಂಬ ಪ್ರತಿಭಟನಾ ಗೀತೆಯ ಧ್ವನಿಮುದ್ರಿಕೆಯೂ ಹೊರಬಂದಿತು. ಹದಿನೆಂಟು ತಿಂಗಳ ವಿರಾಮದ ಬಳಿಕ, 1986ರ ಸೆಪ್ಟೆಂಬರಿನಲ್ಲಿ ಧಾರಾವಾಹಿ ಮರಳಿತು. ಹದಿನಾರರ ಹುಡುಗ ಚಿಬ್ನಾಲ್ ಟೀಕಿಸಿದ್ದು ಹೀಗೆ ಮರಳಿ ಬಂದ ಕಥೆಯನ್ನೇ.

ವೀಕ್ಷಕರ ಸಂಖ್ಯೆ ಹಿಂದಿನ ವರ್ಷದ ಸುಮಾರು 70 ಲಕ್ಷದಿಂದ 50 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅದರ ಬೆಲೆ ತೆತ್ತವರು ನಾಯಕನಟ ಕಾಲಿನ್ ಬೇಕರ್. ಬಣ್ಣಬಣ್ಣದ ತೇಪೆಗಳ ಕೋಟೊಂದನ್ನು ಅವರ ಮೈಮೇಲೆ ಹೇರಿದ್ದು ನಿರ್ಮಾಪಕರು. ಅವರು ಬಯಸಿದ್ದು ಸರಳವಾದ ಕಪ್ಪು ಉಡುಪನ್ನು. ಕಥೆ ಅವರದಲ್ಲ, ಉಡುಪು ಅವರ ಆಯ್ಕೆಯಲ್ಲ. ಆದರೆ ಹೊರಗೆ ಹೋಗಬೇಕಾದವರು ಅವರೇ ಆದರು. ಸಂಸ್ಥೆಯ ಮೇಲಿನವರು ತಪ್ಪೆಣಿಸಿದಾಗ ಕೆಳಗಿನವರು ದಂಡ ತೆರುವುದು ಕಲಾಲೋಕದಲ್ಲೂ ಉಂಟು.

1980ರಿಂದ ನಿರ್ಮಾಪಕರಾಗಿದ್ದ ಜಾನ್ ನೇಥನ್-ಟರ್ನರ್ ಅವರ ಪಾಡು ಬೇರೆ ಬಗೆಯದು. ಅಭಿಮಾನಿಗಳ ಕಿರುಪತ್ರಿಕೆಗಳು ಅವರನ್ನೇ ಎಲ್ಲ ಕೇಡಿನ ಮೂಲವೆಂದು ಬರೆದವು. ಅವರಾದರೋ ಬಿಟ್ಟುಹೋಗಲು ಬಯಸಿದ್ದರು; ಮುಂದುವರಿಯಬೇಕೆಂದು ಸಂಸ್ಥೆಯೇ ಅವರನ್ನು ಉಳಿಸಿಕೊಂಡಿತ್ತು. 1987ರಿಂದ ಧಾರಾವಾಹಿಯನ್ನು ಬ್ರಿಟನ್ನಿನ ಅತ್ಯಂತ ಜನಪ್ರಿಯ ‘ಕೊರೊನೇಷನ್ ಸ್ಟ್ರೀಟ್’ ಧಾರಾವಾಹಿಯ ಸಮಯಕ್ಕೇ ಎದುರಾಗಿ ಇರಿಸಲಾಯಿತು. 1989ರ ಡಿಸೆಂಬರ್ 6ರಂದು ಕೊನೆಯ ಕಂತು ಪ್ರಸಾರವಾಯಿತು. ಇಪ್ಪತ್ತಾರು ವರ್ಷಗಳ ಕಥೆ ಅಲ್ಲಿಗೆ ನಿಂತಿತು.

ಅಭಿಮಾನಿಗಳ ಮಾತು ಕೇಳಿದ್ದೂ ತಪ್ಪೇ?

ಇಲ್ಲಿಯವರೆಗೆ ಓದಿದವರಿಗೆ ಸಂಸ್ಥೆ ಕೆಟ್ಟದ್ದು, ಅಭಿಮಾನಿ ಒಳ್ಳೆಯವನು ಎಂದು ತೋರಬಹುದು. ಸಂಗತಿ ಅಷ್ಟು ಸರಳವಲ್ಲ.

ಎಂಬತ್ತರ ದಶಕದಲ್ಲಿ ನೇಥನ್-ಟರ್ನರ್ ಅವರು ಅಭಿಮಾನಿಗಳ ಮಾತಿಗೆ ಕಿವಿಗೊಡಲಿಲ್ಲವೆನ್ನುವಂತಿಲ್ಲ. ಕೆಲವೊಮ್ಮೆ ಅತಿಯಾಗಿಯೇ ಕಿವಿಗೊಟ್ಟರು. ಹಳೆಯ ಕಥೆಗಳ ವಿವರಗಳನ್ನು ಸರಿನೋಡಲು ಅಭಿಮಾನಿಯೊಬ್ಬರ ಸಲಹೆ ಪಡೆದರು. ಹಳೆಯ ಶತ್ರುಗಳು, ಹಳೆಯ ಗೆಳೆಯರು, ಹಳೆಯ ಘಟನೆಗಳ ನೆನಪು ಕಂತುಗಳಲ್ಲಿ ತುಂಬಿಕೊಂಡಿತು. 1985ರ ‘ಅಟ್ಯಾಕ್ ಆಫ್ ದಿ ಸೈಬರ್‌ಮೆನ್’ ಕಥೆ ಅದಕ್ಕೂ ಸುಮಾರು ಹದಿನೆಂಟು ವರ್ಷಗಳ ಹಿಂದಿನ ಕಥೆಗಳನ್ನು ಬಲ್ಲವರಿಗಷ್ಟೇ ಪೂರ್ತಿ ಅರ್ಥವಾಗುವಂತಿತ್ತು. ಆ ಹಳೆಯ ಕಥೆಗಳ ಟೇಪುಗಳೋ, ಹಲವು ಅಳಿದುಹೋಗಿದ್ದವು! ಹೊಸದಾಗಿ ಟಿ.ವಿ. ಮುಂದೆ ಕುಳಿತ ಎಂಟು ವರ್ಷದ ಮಗುವಿಗೆ ಅಲ್ಲಿ ಕಾಲಿಡಲು ಹೊಸ್ತಿಲೇ ಇರಲಿಲ್ಲ.

ಅಭಿಮಾನಿಗೆ ಕಥೆಯ ಹಿಂದಿನದೆಲ್ಲ ಗೊತ್ತು. ಆದ್ದರಿಂದಲೇ ಅವನು ಹಿಂದಿನದನ್ನೇ ಮತ್ತೆ ಬೇಡುತ್ತಾನೆ. ಆದರೆ ಯಾವ ಕಂತು ಅವನನ್ನು ಬಾಲ್ಯದಲ್ಲಿ ಅಭಿಮಾನಿಯನ್ನಾಗಿ ಮಾಡಿತೋ ಆ ಕಂತನ್ನು ನೋಡುವಾಗ ಅವನಿಗೆ ಹಿಂದಿನದು ಏನೂ ಗೊತ್ತಿರಲಿಲ್ಲ. ಈ ಸಣ್ಣ ಸತ್ಯವನ್ನು ಮರೆತ ಅಭಿಮಾನ ಕಥೆಯನ್ನು ಉಳಿಸಹೋಗಿ ಉಸಿರುಗಟ್ಟಿಸುತ್ತದೆ.

ವನವಾಸದ ವರ್ಷಗಳು

1989ರಿಂದ 2005ರವರೆಗಿನ ಹದಿನೈದು ವರ್ಷಗಳಿಗೂ ಮೀರಿದ ಅವಧಿಯಲ್ಲಿ ದೂರದರ್ಶನಕ್ಕಾಗಿ ಹೊಸದಾಗಿ ಬಂದದ್ದು ಮುಖ್ಯವಾಗಿ ಒಂದು ಚಿತ್ರ. 1996ರಲ್ಲಿ ಅಮೆರಿಕದ ಸಹಯೋಗದಲ್ಲಿ ತಯಾರಾದ ಅದು ಬ್ರಿಟನ್ನಿನಲ್ಲಿ ಸುಮಾರು 90 ಲಕ್ಷ ವೀಕ್ಷಕರನ್ನು ಪಡೆದರೂ ಅಮೆರಿಕದಲ್ಲಿ ಹೆಚ್ಚು ಸೆಳೆಯಲಿಲ್ಲ, ಧಾರಾವಾಹಿಯಾಗಿ ಮುಂದುವರಿಯಲಿಲ್ಲ.

ಈ ವನವಾಸದ ಕಾಲದಲ್ಲಿ ಅಭಿಮಾನಿಗಳ ಸಿಟ್ಟು ಒಂದು ಒಳ್ಳೆಯ ದಾರಿ ಹಿಡಿಯಿತು. ಅವರು ಬರೆಯತೊಡಗಿದರು. ವರ್ಜಿನ್ ಪ್ರಕಾಶನ 1991ರಿಂದ ಡಾಕ್ಟರನ ಹೊಸ ಸಾಹಸಗಳ ಕಾದಂಬರಿ ಮಾಲೆಯನ್ನು ಹೊರತಂದಿತು; ಹೊಸಬರ ಹಸ್ತಪ್ರತಿಗಳಿಗೂ ಅಲ್ಲಿ ಬಾಗಿಲು ತೆರೆದಿತ್ತು. ಪಾಲ್ ಕಾರ್ನೆಲ್, ಮಾರ್ಕ್ ಗೇಟಿಸ್ ಮುಂತಾದವರು ಆ ಮಾಲೆಗೆ ಬರೆದರು. 1996ರಲ್ಲಿ ರಸೆಲ್ ಟಿ. ಡೇವೀಸ್ ಎಂಬ ವೇಲ್ಸಿನ ಲೇಖಕರೂ ಒಂದು ಕಾದಂಬರಿ ಬರೆದರು. 1999ರಿಂದ ‘ಬಿಗ್ ಫಿನಿಷ್’ ಎಂಬ ಸಂಸ್ಥೆ ಹಳೆಯ ನಟರನ್ನೇ ಕರೆದು ಧ್ವನಿನಾಟಕಗಳನ್ನು ತಯಾರಿಸಿತು. ಕಾಲಿನ್ ಬೇಕರ್ ಅವರಿಗೆ ಟಿ.ವಿ. ಕೊಡದ ಒಳ್ಳೆಯ ಕಥೆಗಳು ಇಲ್ಲಿ ಸಿಕ್ಕವು. ಒಂದು ಕಾಲದಲ್ಲಿ ಅವರನ್ನು ಹಳಿದವರೂ ಈ ನಾಟಕಗಳಿಗೆ ತಲೆದೂಗಿದರು.

2003ರಲ್ಲಿ ಧಾರಾವಾಹಿಯನ್ನು ಮತ್ತೆ ಆರಂಭಿಸಲು ಬಿ.ಬಿ.ಸಿ. ತೀರ್ಮಾನಿಸಿದಾಗ ಹೊಣೆ ಬಂದದ್ದು ಅದೇ ಡೇವೀಸ್ ಅವರಿಗೆ. 2005ರ ಮಾರ್ಚ್ 26ರಂದು ಪ್ರಸಾರವಾದ ಮೊದಲ ಕಂತನ್ನು ಒಂದು ಕೋಟಿಗೂ ಹೆಚ್ಚು ಮಂದಿ ನೋಡಿದರು. ಡೇವೀಸ್ ಹಳೆಯದನ್ನೆಲ್ಲ ಬಲ್ಲ ಅಭಿಮಾನಿ. ಆದರೆ ಕಥೆಯನ್ನು ತೆರೆದದ್ದು ರೋಸ್ ಎಂಬ, ಅಂಗಡಿಯೊಂದರಲ್ಲಿ ದುಡಿಯುವ ಸಾಮಾನ್ಯ ಹುಡುಗಿಯ ಕಣ್ಣಿನಿಂದ. ಅವಳಿಗೆ ಡಾಕ್ಟರ್ ಯಾರೆಂದು ಗೊತ್ತಿಲ್ಲ; ನೋಡುವ ಮಗುವಿಗೂ ಗೊತ್ತಿಲ್ಲ. ಇಬ್ಬರೂ ಒಟ್ಟಿಗೆ ತಿಳಿಯುತ್ತ ಹೋಗುತ್ತಾರೆ. ಎಂಬತ್ತರ ದಶಕದಲ್ಲಿ ಕಾಣೆಯಾಗಿದ್ದ ಹೊಸ್ತಿಲನ್ನು ಒಬ್ಬ ಅಭಿಮಾನಿಯೇ ಮತ್ತೆ ಕಟ್ಟಿದ್ದರು.

ಆ ಬಳಿಕ ಬಂದವರಲ್ಲೂ ಹಲವರು ಹಳೆಯ ಅಭಿಮಾನಿಗಳು. ಡಾಕ್ಟರನ ಪಾತ್ರಕ್ಕಾಗಿಯೇ ನಟನಾಗಲು ಬಾಲ್ಯದಲ್ಲಿ ನಿಶ್ಚಯಿಸಿದ ಡೇವಿಡ್ ಟೆನೆಂಟ್ ಹತ್ತನೆಯ ಡಾಕ್ಟರ್ ಆದರು. ಹನ್ನೆರಡನೆಯವರಾದ ಪೀಟರ್ ಕಪಾಲ್ಡಿ 1974ರಲ್ಲಿ, ಹದಿನೈದರ ಹುಡುಗನಾಗಿದ್ದಾಗ, ‘ರೇಡಿಯೋ ಟೈಮ್ಸ್’ ವಾರಪತ್ರಿಕೆಗೆ ಧಾರಾವಾಹಿಯ ಕುರಿತು ಬರೆದ ಓಲೆ ಓದುಗರ ಪತ್ರಗಳ ಅಂಕಣದಲ್ಲಿ ಅಚ್ಚಾಗಿತ್ತು. 2013ರ ನವೆಂಬರ್ 23ರಂದು ಐವತ್ತನೆಯ ವರ್ಷದ ವಿಶೇಷ ಕಂತು 94 ದೇಶಗಳಲ್ಲಿ ಏಕಕಾಲಕ್ಕೆ ಪ್ರಸಾರವಾಯಿತು.

ಹೊಣೆ ಹೊತ್ತ ಚಿಬ್ನಾಲ್

ಇಂಥ ಏರಿನ ಬಳಿಕ ಚಿಬ್ನಾಲ್ ಅವರ ಸರದಿ ಬಂದಿತು. ಅವರು ಧೈರ್ಯವಂತರೆಂಬುದರಲ್ಲಿ ಸಂಶಯವಿಲ್ಲ. ಡಾಕ್ಟರ್ ಪಾತ್ರಕ್ಕೆ ಮೊತ್ತಮೊದಲ ಬಾರಿಗೆ ಮಹಿಳೆಯನ್ನು, ಜೋಡಿ ವಿಟೇಕರ್ ಅವರನ್ನು, ಆರಿಸಿದರು. ಮೊದಲ ಸರಣಿಯಲ್ಲಿ ಹಳೆಯ ಶತ್ರುಗಳನ್ನು ದೂರವಿಟ್ಟರು. 2018ರ ಅಕ್ಟೋಬರ್ 7ರ ಮೊದಲ ಕಂತಿಗೆ ಸುಮಾರು 1 ಕೋಟಿ 9 ಲಕ್ಷ ವೀಕ್ಷಕರಿದ್ದರು. ಅದೇ ಸರಣಿಯಲ್ಲಿ ನಮ್ಮ ದೇಶದ ಕಥೆಯೂ ಇತ್ತು. ವಿನಯ್ ಪಟೇಲ್ ಬರೆದ ‘ಡೀಮನ್ಸ್ ಆಫ್ ದಿ ಪಂಜಾಬ್’ ಕಂತು 1947ರ ವಿಭಜನೆಯ ದಿನಗಳಲ್ಲಿ ನಡೆಯುತ್ತದೆ. ಹೊಸದಾಗಿ ಎಳೆದ ಗಡಿಗೆರೆಯೊಂದು ಒಂದು ಮನೆಯನ್ನೂ ಒಂದು ಮದುವೆಯನ್ನೂ ಹೇಗೆ ಸೀಳುತ್ತದೆ ಎಂಬುದನ್ನು ಆ ಕಂತು ಅಬ್ಬರವಿಲ್ಲದೆ ಹೇಳಿತು, ಮೆಚ್ಚುಗೆಯನ್ನೂ ಪಡೆಯಿತು.

ಆದರೆ ವಾರಗಳು ಕಳೆದಂತೆ ದೂರುಗಳು ಬೆಳೆದವು. ಪಾತ್ರಗಳು ಹೆಚ್ಚು, ಅವಕ್ಕೆ ಕೆಲಸ ಕಡಿಮೆ. ಕಥೆ ತೋರಿಸುವುದಕ್ಕಿಂತ ಉಪದೇಶಿಸುವುದೇ ಹೆಚ್ಚು ಎಂಬ ಮಾತು ಕೇಳಿಬಂದಿತು. 2020ರ ಮಾರ್ಚ್ 1ರಂದು ‘ದಿ ಟೈಮ್‌ಲೆಸ್ ಚಿಲ್ಡ್ರನ್’ ಕಂತು ಬಂದಾಗ ಕಿಡಿ ಜ್ವಾಲೆಯಾಯಿತು. ಡಾಕ್ಟರ್ ನಿಜಕ್ಕೂ ತನ್ನದೆಂದು ತಿಳಿದಿದ್ದ ಗ್ರಹದ ಜೀವಿಯೇ ಅಲ್ಲ, ಎಲ್ಲಿಂದಲೋ ಬಂದ ಅನಾಥ ಶಿಶು, 1963ರಲ್ಲಿ ನಾವು ಕಂಡ ಮುಖಕ್ಕಿಂತ ಮೊದಲೇ ಲೆಕ್ಕವಿಲ್ಲದಷ್ಟು ಜನ್ಮಗಳನ್ನು ಕಳೆದಿದ್ದ ಎಂದು ಆ ಕಂತು ಹೇಳಿತು. ಹಾರ್ಟ್ನೆಲ್ ಮೊದಲನೆಯ ಡಾಕ್ಟರ್ ಎಂಬುದನ್ನು ಅಡಿಪಾಯವೆಂದು ನಂಬಿದ್ದವರಿಗೆ ಇದು ಅಡಿಪಾಯವನ್ನೇ ಕಿತ್ತಂತಾಯಿತು. 1976ರ ಒಂದು ಕಥೆಯಲ್ಲೇ ಇದರ ಸುಳಿವಿತ್ತಲ್ಲ ಎಂದು ಇನ್ನು ಕೆಲವರು ವಾದಿಸಿದರು. 2022ರ ಏಪ್ರಿಲಿನ ವಿಶೇಷ ಕಂತಿನ ವೇಳೆಗೆ ವೀಕ್ಷಕರು 2018ರ ಮೊದಲ ಕಂತಿನ ಅರ್ಧಕ್ಕಿಂತಲೂ ಕಡಿಮೆಯಾಗಿದ್ದರು.

ಟೀಕೆಗಳಲ್ಲಿ ಎರಡು ಬಗೆಯಿದ್ದುದನ್ನು ಗಮನಿಸಬೇಕು. ಒಂದು, ಬರವಣಿಗೆಯ ಕುರಿತದ್ದು. ಇನ್ನೊಂದು, ಡಾಕ್ಟರ್ ಹೆಣ್ಣಾಗಬಾರದು ಎಂಬ ಹಟದ್ದು. ನಟಿ ಒಂದು ಮಾತನ್ನೂ ಆಡುವ ಮೊದಲೇ ಅದು ಹುಟ್ಟಿಕೊಂಡಿತ್ತು. ಎರಡನೆಯದರ ಗದ್ದಲದಲ್ಲಿ ಮೊದಲನೆಯದರ ನ್ಯಾಯವಾದ ಮಾತುಗಳು ಕೇಳಿಸದಾದವು. ಸಕಾರಣವಾಗಿ ಟೀಕಿಸಿದವರನ್ನೂ ಸ್ತ್ರೀದ್ವೇಷಿಗಳ ಸಾಲಿಗೆ ಸೇರಿಸಲು ದಾರಿಯಾಯಿತು. ಕಥೆಯ ದೋಷಕ್ಕೆ ನಟಿಯನ್ನು ಹೊಣೆಯಾಗಿಸುವ ಹಳೆಯ ತಪ್ಪೂ ಮರುಕಳಿಸಿತು. 1986ರಲ್ಲಿ ಹುಡುಗ ಚಿಬ್ನಾಲ್ ಮಾಡಿದ ಟೀಕೆಗೆ ಒಂದು ಮರ್ಯಾದೆಯಿತ್ತು. ಅವನು ಬರವಣಿಗೆಯ ಬಗ್ಗೆ, ಬರೆದವರ ಎದುರಿಗೆ, ತನ್ನ ಹೆಸರು ಹೇಳಿಕೊಂಡು ಮಾತನಾಡಿದ್ದ.

2021ರಲ್ಲಿ, ಡೇವೀಸ್ ಅವರೇ ಹಿಂದಿರುಗುತ್ತಾರೆ ಎಂಬ ಸುದ್ದಿ ಬಂದಾಗ ಅಭಿಮಾನಿಗಳು ನಿಟ್ಟುಸಿರುಬಿಟ್ಟರು. ಅಮೆರಿಕದ ಡಿಸ್ನಿ ಸಂಸ್ಥೆಯ ಪಾಲುದಾರಿಕೆ ದೊರೆಯಿತು. ರುವಾಂಡಾದಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದ ಶೂಟಿ ಗಾಟ್ವಾ ಡಾಕ್ಟರ್ ಆದರು. ಆದರೆ ಒಮ್ಮೆ ಗೆದ್ದವರಿಗೂ ಎರಡನೆಯ ಸಲ ಅದೇ ದಾರಿ ಅದೇ ಊರಿಗೆ ಒಯ್ಯಲಿಲ್ಲ. 2025ರ ಮೇ ತಿಂಗಳ ಕೊನೆಯ ಕಂತುಗಳಲ್ಲಿ ಮರಳಿದ ಶತ್ರುಗಳು ಹಳೆಯವರು: 1983ರ ಬಳಿಕ ಧಾರಾವಾಹಿಯಲ್ಲಿ ಕಾಣದಿದ್ದ ಒಮೆಗಾ, 1985ರಲ್ಲಿ ಸೃಷ್ಟಿಯಾದ ರಾಣಿ. ಭಾರತೀಯ ಮೂಲದ ಆರ್ಚೀ ಪಂಜಾಬಿ ಅಭಿನಯಿಸಿದ ಈ ‘ರಾಣಿ’ಯನ್ನು ಮೊದಲು ಸೃಷ್ಟಿಸಿದವರು ಅದೇ ಪಿಪ್ ಮತ್ತು ಜೇನ್ ಬೇಕರ್ ದಂಪತಿ. ಅವಳು ಯಾರೆಂದು ಹೊಸ ಮಕ್ಕಳಿಗೆ ತಿಳಿಯದು ಎಂಬ ದೂರು ಈಗ ಡೇವೀಸ್ ಅವರತ್ತ ತಿರುಗಿತು. ಹೊಸ್ತಿಲು ಕಟ್ಟಿದವರೇ ಅದನ್ನು ಮರೆತರೇ ಎಂದು ಅಭಿಮಾನಿಗಳು ಕೇಳಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಡಿಸ್ನಿಯ ಪಾಲುದಾರಿಕೆ ಮುಗಿದುದನ್ನು ಬಿ.ಬಿ.ಸಿ. ತಿಳಿಸಿತು; 2026ರ ಕ್ರಿಸ್ಮಸ್‌ಗೆ ಡೇವೀಸ್ ಬರೆಯುವ ವಿಶೇಷ ಕಂತೊಂದನ್ನು ಪ್ರಕಟಿಸಿತು.

ಕಥೆ ಯಾರ ಸೊತ್ತು?

ಕನ್ನಡದ ಓದುಗರಿಗೆ ಈ ಜಗಳವನ್ನು ಅಳೆಯಲು ಒಂದು ಅಳತೆಗೋಲು ಕೈಯಲ್ಲೇ ಇದೆ. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಮಡದಿ. ಕುಮಾರವ್ಯಾಸನಲ್ಲಿ ಅವಳು ಐವರ ಪತ್ನಿ. ಒಂದು ಬಂದುದರಿಂದ ಇನ್ನೊಂದು ಅಳಿಯಲಿಲ್ಲ. ಎರಡನ್ನೂ ನಮ್ಮವರು ಓದಿದರು, ಓದಿಸಿದರು. ಕಥೆಗೆ ಒಡೆಯನಿಲ್ಲದ ಕಡೆ ಹೊಸ ಪಾಠ ಹಳೆಯದರ ಪಕ್ಕದಲ್ಲಿ ಕೂರುತ್ತದೆ. ಒಬ್ಬ ಒಡೆಯನಿರುವ ಆಧುನಿಕ ಧಾರಾವಾಹಿಯಲ್ಲಾದರೆ ಪ್ರತಿ ಹೊಸ ತಿರುವೂ ಹಳೆಯದನ್ನು ರದ್ದುಪಡಿಸುವ ಆಜ್ಞೆಯಂತೆ ಕೇಳಿಸುತ್ತದೆ. ಅಭಿಮಾನಿಯ ನೋವಿನ ಮೂಲ ಅದು.

ಆದರೆ ‘ಡಾಕ್ಟರ್ ಹೂ’ ವಿಷಯದಲ್ಲಿ, ಇಂಥ ಕಥೆ ಅಧಿಕೃತ, ಇಂಥದ್ದು ಅಲ್ಲ ಎಂಬ ಪಟ್ಟಿಯನ್ನು ಬಿ.ಬಿ.ಸಿ. ಎಂದೂ ಮಾಡಿಲ್ಲ. ಚಿಬ್ನಾಲ್ ಏನೇ ಬರೆದರೂ ಹಾರ್ಟ್ನೆಲ್ ಅವರ ಉಳಿದಿರುವ ಕಂತುಗಳು ಮೊದಲಿನಂತೆಯೇ ಇವೆ. ಅವುಗಳಲ್ಲಿ ಒಂದು ಮಾತೂ ಬದಲಾಗಿಲ್ಲ. ಒಂದು ಹೊಸ ಕಥೆ ಹಳೆಯ ಕಥೆಯನ್ನು ಅಳಿಸಲಾರದು. ನಿಜವಾಗಿ ಅಳಿಸಿದ್ದು ಉಗ್ರಾಣದ ಅಲಕ್ಷ್ಯ. ಕೆಟ್ಟ ಕಥೆಯನ್ನು ಮುಂದಿನ ಲೇಖಕ ಸರಿಪಡಿಸಬಹುದು. ಅಳಿದ ಟೇಪನ್ನು ಮರಳಿ ತರಲು ಯಾರಿಗೂ ಆಗದು. ಯಾವುದಕ್ಕೆ ಎಷ್ಟು ಸಿಟ್ಟಾಗಬೇಕೆಂಬ ವಿವೇಕ ಅಭಿಮಾನಿಗೆ ಬೇಕಾದದ್ದು ಇಲ್ಲಿಯೇ.

ನಡೆಸುವವರೂ ಕಲಿಯಬೇಕಾದುದಿದೆ. ಪತ್ರ ಬರೆಯುವ, ವಾದಿಸುವ, ತಪ್ಪು ಎತ್ತಿ ತೋರಿಸುವ ನೋಡುಗನನ್ನು ಕಿರಿಕಿರಿಯೆಂದು ತಳ್ಳಿಹಾಕಿದ ಸಂಸ್ಥೆ ತನ್ನ ಮುಂದಿನ ಲೇಖಕನನ್ನೇ ತಳ್ಳಿಹಾಕಿರಲೂಬಹುದು. ಡೇವೀಸ್, ಚಿಬ್ನಾಲ್, ಕಪಾಲ್ಡಿ, ಟೆನೆಂಟ್ – ಇವರೆಲ್ಲರೂ ಒಂದು ಕಾಲಕ್ಕೆ ಟಿ.ವಿ.ಯ ಈಚೆ ಕುಳಿತ ಮಕ್ಕಳೇ. ಅವರಲ್ಲಿ ಯಾರೊಬ್ಬರೂ ಬರಿಯ ದೂರಿನಲ್ಲೇ ನಿಲ್ಲಲಿಲ್ಲ. ಬರೆದರು, ನಟಿಸಿದರು, ಕಲಿತರು. ಕೆಲವೆಡೆ ಗೆದ್ದರು, ಕೆಲವೆಡೆ ಸೋತರು.

ಮನೆಯಲ್ಲಿ ಮಗುವೊಂದು ತನಗಿಷ್ಟವಾದ ಕಥೆಯನ್ನೋ ಪಾಠವನ್ನೋ ಕುರಿತು, ‘ಇದು ಸರಿಯಿಲ್ಲ, ಹೀಗಿರಬಾರದಿತ್ತು’ ಎಂದು ಸಿಟ್ಟಾದರೆ ಹಿರಿಯರು ಗದರಿಸುವ ಅಗತ್ಯವಿಲ್ಲ. ಹೇಗಿರಬೇಕಿತ್ತು ಎಂಬುದನ್ನು ಒಂದು ಹಾಳೆಯ ಮೇಲೆ ಬರೆಯಲು ಹೇಳಿದರೆ ಸಾಕು.